ಡಮಾಸ್ಕಸ್ ಚಾಕುವಿನ ಅಲೆಗಳು

ಅಲಗಿನ ತುಂಬ ನೀರಿನ ಅಲೆಗಳಂತಹ ಗೆರೆಗಳುಳ್ಳ ‘ಡಮಾಸ್ಕಸ್’ ಚಾಕುವೊಂದು ನಮ್ಮ ಅಡುಗೆಮನೆಯಲ್ಲಿದೆ. ವರ್ಷಗಳ ಬಳಕೆಯಿಂದ ಗೀರುಬಿದ್ದ ಅದನ್ನು ಕಳೆದ ರಜೆಯಲ್ಲಿ ಎಮರಿ ಕಾಗದದಿಂದ ಉಜ್ಜಿದೆವು. ಗೀರುಗಳೊಡನೆ ಅಲೆಗಳೂ ಮಾಯವಾದವು! ಒಳ್ಳೆಯ ವಸ್ತುವನ್ನು ಕೆಡಿಸಿದೆವೆಂದು ಮನೆಯವರು ಆಕ್ಷೇಪಿಸಿದರು.

ಆದರೆ ಅಲೆಗಳು ಎಲ್ಲಿಗೂ ಹೋಗಿರಲಿಲ್ಲ. ಇಂತಹ ಚಾಕುವನ್ನು ಎರಡು ಬಗೆಯ ಉಕ್ಕಿನ ತಗಡುಗಳನ್ನು ಒಂದರ ಮೇಲೊಂದಿರಿಸಿ, ಕಾಯಿಸಿ, ಬಡಿದು, ಬೆಸೆದು ತಯಾರಿಸುತ್ತಾರೆ. ನಮ್ಮ ಚಾಕುವಿನಂತಹವುಗಳಲ್ಲಿ ಒಂದು ಉಕ್ಕಿನಲ್ಲಿ ನಿಕಲ್ ಇರುತ್ತದೆ, ಇನ್ನೊಂದರಲ್ಲಿ ಇಲ್ಲವೆನ್ನುವಷ್ಟು ಕಡಮೆ. ನುಣುಪಾಗಿ ಉಜ್ಜಿದರೆ ಎರಡೂ ಕಣ್ಣಿಗೆ ಒಂದೇ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ನಿಕಲ್ ಇಲ್ಲದ ಪದರ ಬೇಗ ಕರಗಿ, ತಗ್ಗಾಗಿ, ಕಪ್ಪಾಗುತ್ತದೆ. ನಿಕಲ್ ಉಳ್ಳದ್ದು ಎದುರಿಸಿ ನಿಂತು ಹೊಳೆಯುತ್ತದೆ. (ಫೆರಿಕ್ ಕ್ಲೋರೈಡ್ ಲವಣವೇ ಹೊರತು ಆಮ್ಲವಲ್ಲ, ಅದರ ದ್ರಾವಣ ಮಾತ್ರ ಆಮ್ಲೀಯ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆಯುವವರು ಬಹಳ.)

ತಾಮ್ರದ ವಿದ್ಯುನ್ಮಂಡಲ ಹಲಗೆಗಳನ್ನು ಕೊರೆಯಲು ಬಳಸುವ ಈ ದ್ರಾವಣ ರೇಡಿಯೋ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಪಾಲಿಗೆ ಮೂರು ಪಾಲು ನೀರು ಬೆರೆಸಿ, ಗಾಜಿನ ಪಾತ್ರೆಯಲ್ಲಿ ಹತ್ತು ನಿಮಿಷ ಅಲಗನ್ನು ಇಳಿಬಿಟ್ಟೆವು. ಬಳಿಕ ಅಡುಗೆ ಸೋಡಾದ ನೀರಿನಲ್ಲಿ ಅದ್ದಿ ಚೆನ್ನಾಗಿ ತೊಳೆದೆವು. ಅಲೆಗಳು ಮರಳಿ ಮೂಡಿದವು. ಅಲ್ಯೂಮಿನಿಯಂ ಪಾತ್ರೆ ಕೂಡದು, ಅದೂ ಕರಗುತ್ತದೆ. ಪುಡಿಯನ್ನು ಕೊಂಡವರು ಪುಡಿಯನ್ನೇ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಬಹಳ ಶಾಖ ಹುಟ್ಟುತ್ತದೆ. ಕೈಗವಸು, ಕನ್ನಡಕ, ಗಾಳಿಯಾಡುವ ಜಗಲಿ ಇವಿಲ್ಲದೆ ಯಾರೂ ಮುಂದುವರಿಯಬಾರದು. ಪ್ರೌಢಶಾಲೆಯ ಮಕ್ಕಳು ಒಬ್ಬರೇ ಮಾಡುವ ಕೆಲಸವಂತೂ ಇದಲ್ಲ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳೇ ಇದನ್ನು ಏಕೆ ಕೈಗೊಳ್ಳಬಾರದು? ನಿಕಲ್ ಸವೆತವನ್ನು ತಡೆಯುತ್ತದೆಂದು ಬರೆದು ಅಂಕ ಪಡೆದ ವಿದ್ಯಾರ್ಥಿಗಳಲ್ಲಿ ಅದನ್ನು ಕಣ್ಣಾರೆ ಕಂಡವರು ವಿರಳ.

ಇದು ಕೊಳ್ಳುವವರಿಗೂ ಉಪಯುಕ್ತ. ಒಂದೇ ಬಗೆಯ ಉಕ್ಕಿನ ಮೈಮೇಲೆ ಲೇಸರಿನಿಂದಲೋ ಆಮ್ಲದಿಂದಲೋ ಗೆರೆಗಳನ್ನು ಅಚ್ಚೊತ್ತಿ ‘ಡಮಾಸ್ಕಸ್’ ಎಂದು ಮಾರುವುದುಂಟು. ಅವನ್ನು ಉಜ್ಜಿ ದ್ರಾವಣದಲ್ಲಿ ಅದ್ದಿದರೆ ಗೆರೆಗಳು ಹಿಂದಿರುಗುವುದಿಲ್ಲ. ಗೆರೆಗಳು ನಿಜವಾದರೂ ಹರಿತಕ್ಕೂ ಅವಕ್ಕೂ ಸಂಬಂಧ ಕಲ್ಪಿಸುವುದು ಸರಿಯಲ್ಲ. ಅನೇಕ ಚಾಕುಗಳಲ್ಲಿ ಕತ್ತರಿಸುವ ಅಂಚು ನಡುವಿನ ಬೇರೊಂದು ಉಕ್ಕಿನದು, ಅಲೆಗಳು ಅದರ ಅಂಗಿ ಮಾತ್ರ.

ಹೆಸರಿನ ವಿಷಯದಲ್ಲಿ ನಮಗೆ ಇನ್ನೂ ಒಂದು ತಕರಾರಿದೆ. ಪ್ರಾಚೀನ ಡಮಾಸ್ಕಸ್ ಖಡ್ಗಗಳ ಉಕ್ಕು ಪದರಗಳನ್ನು ಬೆಸೆದದ್ದಲ್ಲ. ಅದು ದಕ್ಷಿಣ ಭಾರತದಲ್ಲಿ ಮೂಸೆಗಳಲ್ಲಿ ಕರಗಿಸಿ ತಯಾರಿಸುತ್ತಿದ್ದಂತಹ, ಸುಮಾರು ಶೇಕಡಾ ೧.೫ರಷ್ಟು ಇಂಗಾಲವುಳ್ಳ ಗಟ್ಟಿ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನಲ್ಲಿ ಅದರ ಮೇಲೆ ಪ್ರಬಂಧ ಪ್ರಕಟಿಸಿದರು. ಫ್ಯಾರಡೆ ಕೂಡ ಅದನ್ನು ಪರೀಕ್ಷಿಸಿದರು. ಅವರು ‘ವೂಟ್ಜ್’ ಎಂದು ಬರೆದ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ರೂಪಾಂತರವೆಂದು ವಿದ್ವಾಂಸರ ಮತ. ಅದರ ಅಲೆಗಳು ಕಬ್ಬಿಣದ ಕಾರ್ಬೈಡಿನ ಕಣಗಳು ಸಾಲುಗೂಡಿದ್ದರಿಂದ ಆದವು. ವೆನೇಡಿಯಂನಂತಹ ಧಾತುಗಳ ಲೇಶಾಂಶ ಅದಕ್ಕೆ ಕಾರಣವೆಂದು ವೆರ್ಹೋವೆನ್ ಮತ್ತು ಪೆಂಡ್ರೆ ೧೯೯೮ರಲ್ಲಿ ವಿವರಿಸಿದರು. ಅಂಗಡಿಯ ಚಾಕುವನ್ನು ಕೊಂಡು ಪೂರ್ವಜರ ವಿದ್ಯೆ ಕೈಸೇರಿತೆಂದು ಹಿಗ್ಗುವವರು ಬೇರೆಯದೇ ವಸ್ತುವನ್ನು ಹಿಡಿದಿರುತ್ತಾರೆ.

ನಮ್ಮ ಚಾಕು ಮತ್ತೆ ತರಕಾರಿ ಹೆಚ್ಚುತ್ತಿದೆ. ತುದಿಯ ಬಳಿ ಬೆರಳಿನ ಜಿಡ್ಡು ಉಳಿದಿದ್ದೆಡೆ ದ್ರಾವಣ ಹಿಡಿಯದೆ ಒಂದು ಮಂಕು ಕಲೆ ಬಿದ್ದಿದೆ. ಅದ್ದುವ ಮೊದಲು ಸೋಪಿನಿಂದ ಇನ್ನೊಮ್ಮೆ ತೊಳೆಯಬೇಕಾಗಿತ್ತು.