ಮಳೆ ಅಲ್ಲಿ, ಪ್ರವಾಹ ಇಲ್ಲಿ

ಬೆಟ್ಟ ಹತ್ತುವ ಸಾಹಸ ನಿಮಗೆಲ್ಲ ಗೊತ್ತು. ಬೆಟ್ಟದ ಹಳ್ಳದೊಳಗೆ ಇಳಿಯುವ ಸಾಹಸವೂ ಒಂದಿದೆ. ಅದರ ಹೆಸರು ಕ್ಯಾನ್ಯನಿಂಗ್. ಸಾವಿರಾರು ವರ್ಷ ಹರಿದ ನೀರು ಬಂಡೆಯನ್ನು ಕೊರೆದು ಮಾಡಿದ ಇಕ್ಕಟ್ಟಾದ ಕಂದರದಲ್ಲಿ ಹಳ್ಳದ ಜೊತೆಗೇ ನಡೆಯುತ್ತ, ಈಜುತ್ತ, ಜಾರುತ್ತ, ಜಲಪಾತ ಎದುರಾದಲ್ಲಿ ಹಗ್ಗ ಹಿಡಿದು ಇಳಿಯುತ್ತ ಸಾಗುವುದೇ ಈ ಆಟ. ಸ್ವಿಟ್ಜರ್ಲೆಂಡಿನ ಆಲ್ಪ್ಸ್, ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಇದಕ್ಕೆ ಹೆಸರುವಾಸಿ. ಇದರಲ್ಲಿ ವಿಜ್ಞಾನದ ಎರಡು ಪಾಠಗಳಿವೆ. ಒಂದು ಹಗ್ಗದ್ದು, ಇನ್ನೊಂದು ನೀರಿನದು.

ಮೊದಲು ಹಗ್ಗ. 60 ಕಿಲೋ ತೂಕದ ಮನುಷ್ಯ ಬರಿಗೈಯಲ್ಲಿ ಹಗ್ಗ ಹಿಡಿದು 30 ಮೀಟರ್ ಇಳಿಯಹೊರಟರೆ ಅಂಗೈ ಸುಲಿದುಹೋಗುತ್ತದೆ. ಆದ್ದರಿಂದ ಸೊಂಟದ ಪಟ್ಟಿಗೆ 8ರ ಆಕಾರದ ಲೋಹದ ಸಾಧನವೊಂದನ್ನು ಸಿಕ್ಕಿಸಿ, ಹಗ್ಗವನ್ನು ಅದರೊಳಗೆ ಸುತ್ತಿಸುತ್ತಾರೆ. ಉಳಿದದ್ದನ್ನು ಘರ್ಷಣೆ ನೋಡಿಕೊಳ್ಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಭದ್ರವಾದ ಅಡ್ಡ ಕಂಬಿಯ ಮೇಲೆ ಹಗ್ಗ ಹಾಯಿಸಿ, ಒಂದು ತುದಿಗೆ ಅರ್ಧ ಬಕೆಟ್ ನೀರು ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿಯಿರಿ. ಈಗ ಕಂಬಿಗೆ ಒಂದು ಸುತ್ತು ಹೆಚ್ಚಿಗೆ ಸುತ್ತಿ. ಬಕೆಟ್ಟನ್ನು ತಡೆಯಲು ಎರಡು ಬೆರಳು ಸಾಕೆನಿಸುತ್ತದೆ. ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ನಿಮ್ಮ ಹಿಡಿತದ ಬಲ ಸುಮಾರು ಆರೂವರೆ ಪಟ್ಟಾಗುತ್ತದೆ. ಎರಡು ಸುತ್ತಿಗೆ 13 ಪಟ್ಟಲ್ಲ, ಸುಮಾರು 43 ಪಟ್ಟು! ಇಲ್ಲಿ ಸುತ್ತುಗಳು ಕೂಡುವುದಿಲ್ಲ, ಗುಣಿಸುತ್ತವೆ.

ಇಳಿದವನು ಕಳೆದುಕೊಂಡ ಪ್ರಚ್ಛನ್ನ ಶಕ್ತಿ ಎಲ್ಲಿ ಹೋಯಿತು? 60 ಕಿಲೋ, 9.8, 30 ಮೀಟರ್ – ಗುಣಿಸಿದರೆ 17,640 ಜೂಲ್. ಅದೆಲ್ಲ ಶಾಖವಾಗುತ್ತದೆ. ಅಷ್ಟೂ ಶಾಖ 100 ಗ್ರಾಂ ತೂಕದ ಅಲ್ಯೂಮಿನಿಯಂ ಸಾಧನಕ್ಕೇ ಸೇರುವುದಾದರೆ ಅದರ ಉಷ್ಣತೆ 190 ಡಿಗ್ರಿಗೂ ಹೆಚ್ಚು ಏರಬೇಕು. ಒಂದು ಪಾಲನ್ನು ಹಗ್ಗ, ಗಾಳಿ ಮತ್ತು ನೀರು ಹಂಚಿಕೊಳ್ಳುವುದರಿಂದ ಅಷ್ಟಾಗುವುದಿಲ್ಲ. ಆದರೂ ಒಣ ಹಗ್ಗದಲ್ಲಿ ಸರ್ರನೆ ಇಳಿದವರು ಸಾಧನ ಮುಟ್ಟಿ ಕೈ ಸುಟ್ಟುಕೊಳ್ಳುವುದುಂಟು.

ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಬಿಟ್ಟುಹೋಗುವಂತಿಲ್ಲ, ಮುಂದಿನ ಜಲಪಾತಕ್ಕೂ ಅದೇ ಬೇಕು. ಆದ್ದರಿಂದ 60 ಮೀಟರ್ ಹಗ್ಗವನ್ನು ಮೇಲಿನ ಬಂಡೆಯ ಬಳೆಯೊಳಗೆ ಅರ್ಧಕ್ಕೆ ಹಾಯಿಸಿ ಎರಡು ಎಳೆಯಾಗಿ ಇಳಿಬಿಟ್ಟಿರುತ್ತಾರೆ. ಕೆಳಗಿನಿಂದ ಒಂದು ಎಳೆಯನ್ನು ಎಳೆದರೆ ಇಡೀ ಹಗ್ಗ ಕೈಗೆ ಬರುತ್ತದೆ. ಆ ಕ್ಷಣಕ್ಕೆ ಬಂದ ದಾರಿ ಮುಚ್ಚಿತು! ಹಿಂದೆ ಜಲಪಾತ, ಎರಡೂ ಪಕ್ಕ ಗೋಡೆಯಂಥ ಬಂಡೆ. ಇನ್ನು ಮುಂದಕ್ಕೇ ಹೋಗಬೇಕು.

ನೀರಿನ ಪಾಠ ಇಲ್ಲಿಂದ ಆರಂಭ. ಜಲಾನಯನ ಪ್ರದೇಶವೆಂದರೆ ದೊಡ್ಡದೊಂದು ಆಲಿಕೆ. ಮೇಲಿನ ಬೆಟ್ಟಗಳ ಮೇಲೆ ಬಿದ್ದ ಮಳೆಯೆಲ್ಲ ಅದರ ಕಿರಿದಾದ ಬಾಯಿಗೇ ಬರಬೇಕು. ಆ ಬಾಯಿಯೇ ಕಂದರ. ಅಗಲವಾಗಲು ಜಾಗವಿಲ್ಲದ ನೀರು ಎತ್ತರವಾಗುತ್ತದೆ, ವೇಗವಾಗುತ್ತದೆ. ವೇಗ ಮೂರು ಪಟ್ಟಾದರೆ ತಳ್ಳುವ ಬಲ ಒಂಬತ್ತು ಪಟ್ಟು. ಕಂದರದ ತಳದಲ್ಲಿ ನಿಂತವರಿಗೆ ಕಾಣುವುದು ಆಕಾಶದ ಒಂದು ಸೀಳು ಮಾತ್ರ. ಅದು ನೀಲಿಯಾಗಿದ್ದಾಗಲೂ ಮೇಲೆ ಎಲ್ಲೋ ಮಳೆ ಸುರಿಯುತ್ತಿರಬಹುದು.

1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಪಟ್ಟಣದ ಬಳಿಯ ಸಾಕ್ಸೆಟ್‌ಬಾಕ್ ಹಳ್ಳದಲ್ಲಿ ಆದದ್ದು ಇದೇ. ಗುಡುಗುಮಳೆಯಿಂದ ಹಳ್ಳ ಏಕಾಏಕಿ ಉಕ್ಕಿ, ಕಂದರದಲ್ಲಿದ್ದ 18 ಪ್ರವಾಸಿಗರು, ಮೂವರು ಮಾರ್ಗದರ್ಶಕರು ಸತ್ತರು. ಹೆಚ್ಚಿನವರು ದೂರದ ಆಸ್ಟ್ರೇಲಿಯಾದಿಂದ ಬಂದಿದ್ದ ಯುವಕ ಯುವತಿಯರು. ದಾರಿ ಬಲ್ಲ ಮಾರ್ಗದರ್ಶಕರೂ ಉಳಿಯಲಿಲ್ಲ ಎಂಬುದನ್ನು ಗಮನಿಸಿ. ಏರ್ಪಾಡು ಮಾಡಿದ್ದ ಸಂಸ್ಥೆಯ ಆರು ಮಂದಿ ತಪ್ಪಿತಸ್ಥರೆಂದು 2001ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಇಂಥ ಸಾಹಸ ನಡೆಸುವವರಿಗೆ ಪರವಾನಗಿ ಕಡ್ಡಾಯಗೊಳಿಸಿದ ಕಾನೂನು ಅಲ್ಲಿ 2014ರಲ್ಲಿ ಜಾರಿಗೆ ಬಂತು.

ಹಗ್ಗ ನಮ್ಮ ಲೆಕ್ಕಕ್ಕೆ ಸಿಗುತ್ತದೆ. ಮೇಲಿನ ಮಳೆಯ ಲೆಕ್ಕವನ್ನು ಕಂದರದೊಳಗೆ ನಿಂತು ಮಾಡಲಾಗದು. ಅದನ್ನು ಇಳಿಯುವ ಮುಂಚೆಯೇ ಮಾಡಬೇಕು. ಹವಾಮಾನ ವರದಿ ಕೇಳಿ, ಅನುಮಾನವಿದ್ದರೆ ಹಿಂದಿರುಗುವವನೇ ನಿಜವಾದ ಸಾಹಸಿ.

ನಮ್ಮ ಮಲೆನಾಡಿನ ಹಳ್ಳಗಳಿಗೂ ಇದೇ ನಿಯಮ. ಮಳೆಗಾಲದಲ್ಲಿ ಜಲಪಾತ ನೋಡಲು ಹೊರಟ ಮಕ್ಕಳಿಗೆ ಪೋಷಕರು ಇಷ್ಟು ಹೇಳಿ ಕಳಿಸಿ: ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ನೀರಿನ ಸದ್ದು ಹೆಚ್ಚಿದರೆ ಚಪ್ಪಲಿ, ಚೀಲ, ಕ್ಯಾಮೆರಾ ಎಲ್ಲ ಅಲ್ಲೇ ಬಿಟ್ಟು ಎತ್ತರದ ದಡ ಹತ್ತಬೇಕು. ಅವನ್ನು ಮತ್ತೆ ಕೊಳ್ಳಬಹುದು.