ರೇಷ್ಮೆ ಹುಳುವಿಗೊಂದು ಹೊಸ ಹೊಣೆ

2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ರೋಗ ರಾಜ್ಯವನ್ನು ಕಾಡಿದಾಗ, ಆಂಫೊಟೆರಿಸಿನ್-ಬಿ ಚುಚ್ಚುಮದ್ದಿಗಾಗಿ ರೋಗಿಗಳ ಬಂಧುಗಳು ಊರೆಲ್ಲ ಅಲೆದರು. ಎಷ್ಟೋ ಮಂದಿ ಕಣ್ಣು ಕಳೆದುಕೊಂಡರು. ಅಂದು ನಾವು ನೆಚ್ಚಿಕೊಂಡಿದ್ದ ಆ ಔಷಧ 1950ರ ದಶಕದ್ದು.

ಶಿಲೀಂಧ್ರ ರೋಗಗಳಿಗೆ ಹೊಸ ಔಷಧ ಏಕಿಷ್ಟು ವಿರಳ? ಬ್ಯಾಕ್ಟೀರಿಯಾಕ್ಕಿಂತ ಶಿಲೀಂಧ್ರದ ಜೀವಕೋಶ ನಮ್ಮ ಜೀವಕೋಶವನ್ನು ಹೆಚ್ಚು ಹೋಲುತ್ತದೆ. ಅದನ್ನು ಕೊಲ್ಲುವ ರಾಸಾಯನಿಕ ನಮಗೂ ವಿಷವಾಗಬಹುದು. ಆದ್ದರಿಂದ ಗಾಜಿನ ತಟ್ಟೆಯಲ್ಲಿ ಶಿಲೀಂಧ್ರ ಸತ್ತರೆ ಸಾಲದು. ಜೀವಂತ ದೇಹದಲ್ಲಿ ರೋಗ ಅಳಿದು ದೇಹ ಉಳಿಯಬೇಕು. ಇದನ್ನರಿಯಲು ಮೊದಲ ಹಂತದಲ್ಲೇ ಇಲಿಗಳನ್ನು ಬಳಸುವುದು ದುಬಾರಿ, ನೈತಿಕವಾಗಿಯೂ ಪ್ರಶ್ನಾರ್ಹ.

ಕೀಟಗಳು ನೆರವಿಗೆ ಬರುವುದು ಇಲ್ಲಿಯೇ. ‘ಟೋಲ್’ ಎಂಬ ವಂಶವಾಹಿ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆಂದು 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ತಂಡ ತೋರಿಸಿತು. ಸಹಜ ರೋಗನಿರೋಧಕ ಶಕ್ತಿಯ ಅರಿವಿಗೆ ದಾರಿ ತೆರೆದ ಸಂಶೋಧನೆಗಾಗಿ 2011ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಜಪಾನಿನ ವಿಜ್ಞಾನಿಗಳು ರೇಷ್ಮೆ ಹುಳುವಿಗೆ ಕ್ಯಾಂಡಿಡಾ, ಕ್ರಿಪ್ಟೊಕಾಕಸ್ ಸೋಂಕು ತಗುಲಿಸಿ ಔಷಧಗಳನ್ನು ಪರೀಕ್ಷಿಸಿದ್ದಾರೆ. ಸಿರಿಂಜಿನಿಂದ ನಿಖರವಾಗಿ ಔಷಧ ಚುಚ್ಚುವಷ್ಟು ದೊಡ್ಡದಾದ ಈ ಹುಳುವಿನ ಸಾಕಣೆಯೂ ಅಗ್ಗ.

ಆ ಹುಳುವನ್ನು ನಮಗಿಂತ ಚೆನ್ನಾಗಿ ಬಲ್ಲವರಾರು? ವಾಹನ ದಟ್ಟಣೆಯಿಂದಲೇ ಹೆಸರಾದ ‘ಸಿಲ್ಕ್ ಬೋರ್ಡ್’ ವೃತ್ತದ ಪಕ್ಕದಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿಯಿದೆ. ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ನಮ್ಮ ರೇಷ್ಮೆ ಬೆಳೆಗಾರರನ್ನು ಕಾಡುವ ಸುಣ್ಣಕಟ್ಟು ರೋಗವೂ ಶಿಲೀಂಧ್ರದಿಂದಲೇ ಬರುವಂಥದ್ದು. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸ್ಸಿ, ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲದೆಂದು ತೋರಿಸಿಕೊಟ್ಟಿದ್ದು ಇದೇ ರೋಗದ ಅಧ್ಯಯನದಿಂದ. ಇತ್ತ ಕಿದ್ವಾಯಿ, ನಿಮ್ಹಾನ್ಸ್ ಆಸ್ಪತ್ರೆಗಳೂ ಇದೇ ದಕ್ಷಿಣ ಬೆಂಗಳೂರಿನ ಆಸುಪಾಸಿನಲ್ಲಿವೆ.

ಹುಳುವಿಗೆ ಶ್ವಾಸಕೋಶವಿಲ್ಲ, ಪ್ರತಿಕಾಯಗಳಿಲ್ಲ. ಅದು ಮನುಷ್ಯನ ಪ್ರತಿರೂಪವಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಅದು ಅಂತಿಮ ತೀರ್ಪು ನೀಡಬೇಕಾಗಿಲ್ಲ, ಮೊದಲ ಜರಡಿಯಾದರೆ ಸಾಕು. ಜೊಳ್ಳು ಅಲ್ಲಿಯೇ ಉದುರಿದರೆ ಇಲಿಗಳೂ ಉಳಿಯುತ್ತವೆ, ವೆಚ್ಚವೂ ತಗ್ಗುತ್ತದೆ. ಹುಳುವಿನದೂ ಜೀವವಲ್ಲವೇ ಎನ್ನುವವರು, ಸೀರೆಗಾಗಿ ನಾವು ಕುದಿಸುವ ಗೂಡುಗಳನ್ನೂ ನೆನೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ 19 ಶಿಲೀಂಧ್ರಗಳನ್ನು ಆದ್ಯತೆಯ ಪಟ್ಟಿಗೆ ಸೇರಿಸಿದೆ. ರೇಷ್ಮೆ ಮಂಡಳಿ ಜವಳಿ ಸಚಿವಾಲಯದ ಅಧೀನ. ಆಸ್ಪತ್ರೆಗಳ ದಾರಿ ಬೇರೆ. ಈ ಎರಡನ್ನೂ ಕೂಡಿಸುವ ಜಂಟಿ ಪ್ರಯೋಗಾಲಯವೊಂದಕ್ಕೆ ಸರ್ಕಾರ ಮುಂದಾಗಬೇಕು. ಮತ್ತೊಂದು ಸಾಂಕ್ರಾಮಿಕ ಬಾಗಿಲು ತಟ್ಟಿದ ಮೇಲೆ ಔಷಧಕ್ಕಾಗಿ ಅಲೆಯುವುದು ವಿವೇಕವಲ್ಲ.