ಛಾಯಾಚಿತ್ರ ಮತ್ತು ಕತ್ತರಿ

ಸ್ಪರ್ಧೆಗೆ ಕಳುಹುವ ಛಾಯಾಚಿತ್ರವನ್ನು ಎಷ್ಟರ ಮಟ್ಟಿಗೆ ತಿದ್ದಬಹುದೆಂಬ ವಾದ ಇನ್ನೂ ಮುಗಿದಿಲ್ಲ. 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯವರು, ಉಕ್ರೇನಿನ ಬೀದಿ ಕಾಳಗದ ಚಿತ್ರಮಾಲೆಗಿತ್ತ ಬಹುಮಾನವನ್ನು ಹಿಂತೆಗೆದುಕೊಂಡರು. ಸ್ಟೆಪಾನ್ ರುಡಿಕ್ ಎಂಬ ಛಾಯಾಗ್ರಾಹಕರು ಮೂಲಚಿತ್ರದ ಬಹುಭಾಗವನ್ನು ಕತ್ತರಿಸಿದ್ದರು, ಬಣ್ಣವನ್ನಳಿಸಿ ಕಪ್ಪುಬಿಳುಪಾಗಿಸಿದ್ದರು. ಅದಾವುದೂ ದೋಷವೆನಿಸಲಿಲ್ಲ. ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಕೈಯ ಹಿಂದೆ ಇಣುಕಿದ್ದ ಯಾರದೋ ಪಾದದ ತುಣುಕೊಂದನ್ನು ಅಳಿಸಿದ್ದೇ ದೋಷವಾಯಿತು!

ಇದೆಂತಹ ನ್ಯಾಯವೆಂದು ಕೇಳುವವರುಂಟು. ನಮಗಾದರೋ ಅದು ಸರಿಯೆಂದೇ ತೋರುತ್ತದೆ. ದೋಸೆಗೆ ತುಪ್ಪ ಕಡಿಮೆಯಾದರೆ ಗಿರಾಕಿ ಗೊಣಗಿ ಸುಮ್ಮನಾದಾನು. ವನಸ್ಪತಿಯನ್ನೇ ತುಪ್ಪವೆಂದು ಬಡಿಸಿದರೆ ಮತ್ತೆ ಹೋಟೆಲಿನ ಮೆಟ್ಟಿಲು ಹತ್ತನು. ಗಲ್ಲಾದ ಮೇಲೆ ಕುಳಿತವರೆಲ್ಲ ಇದನ್ನು ಬಲ್ಲರು. ಕತ್ತರಿಸಿದವನು ತಾನು ತೋರಿಸಬಯಸಿದ್ದಷ್ಟನ್ನು ತೋರಿಸುತ್ತಾನೆ. ಅಳಿಸಿದವನು ಅಲ್ಲಿದ್ದುದನ್ನು ಇರಲಿಲ್ಲವೆನ್ನುತ್ತಾನೆ.

2023ರಲ್ಲಂತೂ ಸೋನಿ ಸ್ಪರ್ಧೆಯಲ್ಲಿ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿದ ಚಿತ್ರವೇ ಗೆದ್ದಿತು. ಅದನ್ನು ಕಳುಹಿದ್ದ ಬೋರಿಸ್ ಎಲ್ಡಾಗ್ಸೆನ್ ಅವರೇ ಬಹುಮಾನವನ್ನು ನಿರಾಕರಿಸಿದರು. ಇಲ್ಲಿನ ನಮ್ಮ ಕನ್ನಡ ಸಂಘಗಳು ಛಾಯಾಚಿತ್ರ ಸ್ಪರ್ಧೆ ಏರ್ಪಡಿಸುವಾಗ, ತೀರ್ಪುಗಾರರ ತೀರ್ಮಾನವೇ ಅಂತಿಮವೆಂದು ಅಚ್ಚುಹಾಕಿಸಿದರೆ ಸಾಲದು. ಏನನ್ನು ತಿದ್ದಬಹುದು, ಏನನ್ನು ಅಳಿಸಕೂಡದು ಎಂಬುದನ್ನೂ, ಕ್ಯಾಮರಾದ ಮೂಲಪ್ರತಿಯನ್ನು ಕೇಳಿದಾಗ ಒಪ್ಪಿಸಬೇಕೆಂಬುದನ್ನೂ ಪ್ರಕಟಣೆಯಲ್ಲೇ ಸೇರಿಸಲಿ.